ಮೂರೂವರೆ ವರ್ಷದ ಮಗಳನ್ನು ಡೇರೆಯಲ್ಲಿ ಮಲಗಿಸಬಹುದೇ? ಅನುಭವ ಇರುವವರು ಹೇಳಿ

ಚಾಮುಂಡಿಪುರದವಳು
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ ಐದು ತಿಂಗಳು. ಕ್ರಿಸ್‌ಮಸ್ ರಜೆಯಲ್ಲಿ ಅವಳನ್ನು ಒಂದು ರಾತ್ರಿ ಡೇರೆಯಲ್ಲಿ ಮಲಗಿಸಬೇಕೆಂದು ನನಗೂ ಯಜಮಾನರಿಗೂ ಬಹಳ ಆಸೆ. ಟಿ. ನರಸೀಪುರದ ಕಡೆ ಅವರ ಸ್ನೇಹಿತರ ತೆಂಗಿನ ತೋಟ ಇದೆ. ಪಕ್ಕದಲ್ಲೇ ನಾಲೆ, ಆಚೆಗೆ ಕಬ್ಬಿನ ಗದ್ದೆ, ತುಂಬಾ ಚೆನ್ನಾಗಿದೆ. ನಾಲ್ಕು ಜನ ಮಲಗುವ ಡೇರೆಯನ್ನೂ ಕೊಂಡಿದ್ದೇವೆ. ಅತ್ತೆಯವರು ಮಾತ್ರ "ಕೂಸನ್ನು ಮಂಜಿನಲ್ಲಿ ಮಲಗಿಸುತ್ತೀರಾ, ಮನೆ ಇಲ್ಲವೇ ನಮಗೆ" ಎಂದು ಎರಡು ದಿನದಿಂದ ಮುಖ ಕೊಟ್ಟು ಮಾತನಾಡುತ್ತಿಲ್ಲ.

ಮಗಳು ರಾತ್ರಿ ಒಮ್ಮೆ ಏಳುತ್ತಾಳೆ. ಕತ್ತಲೆಂದರೆ ಸ್ವಲ್ಪ ಹೆದರಿಕೆ. ಡೈಪರ್ ಬಿಡಿಸಿ ಆರು ತಿಂಗಳಾಯಿತು. ಈ ವಯಸ್ಸಿಗೆ ಇದು ಸರಿಯೇ? ಏನೇನು ಒಯ್ಯಬೇಕು? ಯಾವುದನ್ನು ಮರೆತರೆ ರಾತ್ರಿ ಕೆಡುತ್ತದೆ?

ಚಾರಣಪ್ರಿಯ
ಖಂಡಿತ ಹೋಗಿ. ಹೇಳಿದ್ದು ಅರ್ಥವಾಗುವ ವಯಸ್ಸು, ಎತ್ತಿಕೊಂಡರೂ ಭಾರವಲ್ಲ. ನನ್ನದು ಒಂದೇ ಮಾತು: ಮೊದಲ ಸಲ ಮನೆಯಿಂದ ಒಂದು ಗಂಟೆಗಿಂತ ದೂರ ಬೇಡ. ರಾತ್ರಿ ಹನ್ನೊಂದಕ್ಕೆ ಮಗು ಮನೆಗೆ ಹೋಗೋಣ ಎಂದು ಹಟ ಹಿಡಿದರೆ ಹೊರಟುಬಿಡಬೇಕು. ನನ್ನ ಮಗನ ಮೊದಲ ರಾತ್ರಿ ಹಾಗೆಯೇ ಆಯಿತು. ಡೇರೆಯನ್ನು ಅಲ್ಲೇ ಬಿಟ್ಟು, ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಾರು ಹತ್ತಿದೆವು. ಬೆಳಿಗ್ಗೆ ನಾನೊಬ್ಬನೇ ಹೋಗಿ ಸಾಮಾನು ತಂದೆ. ಎರಡು ತಿಂಗಳಾದ ಮೇಲೆ "ಬಟ್ಟೆ ಮನೆಗೆ ಯಾವಾಗ ಹೋಗುವುದು" ಎಂದು ಅವನೇ ಕೇಳಿದ. ಅಂದು ಅಳುತ್ತಿದ್ದವನನ್ನು ಬೆಳಗಾಗುವವರೆಗೆ ಹಿಡಿದಿಟ್ಟಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ಬನ್ನೂರು ಕುರಿ
ಅಕ್ಕ, ನಾನು ಆ ಸೀಮೆಯವನೇ. ಕಬ್ಬಿನ ಗದ್ದೆಯ ಪಕ್ಕ ದಯವಿಟ್ಟು ಬೇಡ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತದ್ದು ನಿಮಗೂ ನೆನಪಿರಬಹುದು. ಅವರಲ್ಲಿ ಶಾಲೆಗೆ ಹೋಗುವ ಹುಡುಗನೂ ಇದ್ದ. ಕಬ್ಬು ವರ್ಷವಿಡೀ ಆಳೆತ್ತರ ನಿಂತಿರುತ್ತದೆ. ಚಿರತೆ ಅದರೊಳಗೇ ಮರಿ ಹಾಕುತ್ತದೆ, ಊರಿನ ನಾಯಿ, ಆಡು ತಿಂದು ಬದುಕುತ್ತದೆ. ನಮ್ಮ ಮನೆಯಲ್ಲಿ ಇಂದಿಗೂ ಕತ್ತಲಾದ ಮೇಲೆ ಮಕ್ಕಳನ್ನು ಗದ್ದೆಯ ಬದುವಿಗೆ ಬಿಡುವುದಿಲ್ಲ.

ಹೊಳೆಮತ್ತಿ
ಚಿರತೆ ಮೈಸೂರು, ಮಂಡ್ಯದ ಎಲ್ಲ ಕಡೆಯೂ ಇದೆ. ಹಾಗೆಂದು ಯಾರೂ ಹೊರಗೆ ಮಲಗಬಾರದೇ? ಸುಮ್ಮನೆ ಹೆದರಿಸಬೇಡಿ.

ಬನ್ನೂರು ಕುರಿ
ಹೆದರಿಸುತ್ತಿಲ್ಲ ಸಾರ್. ಹೊರಗೆ ಮಲಗಬಾರದು ಎಂದೂ ಹೇಳಲಿಲ್ಲ. ಕಬ್ಬಿನ ಪಕ್ಕ, ಮೂರು ವರ್ಷದ ಮಗುವಿನೊಂದಿಗೆ, ಬೇಲಿಯೂ ಇಲ್ಲದ ಕಡೆ ಬೇಡ ಎಂದೆ. ಇದನ್ನು ಹೇಳದೆ ಸುಮ್ಮನಿದ್ದು ನಾಳೆ ಏನಾದರೂ ಆದರೆ ನನಗೆ ನಿದ್ದೆ ಬರುವುದಿಲ್ಲ.

ತಿಪಟೂರು ತೋಟ
ಚಿರತೆಯ ಮಾತು ಹಾಗಿರಲಿ. ತೆಂಗಿನ ಮರದ ಕೆಳಗೆ ಡೇರೆ ಹಾಕುವುದೇ ತಪ್ಪು! ಒಣಗಿದ ಗರಿ ಯಾವ ಹೊತ್ತಿನಲ್ಲಿ ಕಳಚುತ್ತದೆ ಎಂದು ಹೇಳಲಾಗುವುದಿಲ್ಲ, ಗಾಳಿಯೇ ಬೀಸಬೇಕೆಂದಿಲ್ಲ. ಮಟ್ಟೆಯ ಬುಡ ಎಷ್ಟು ಭಾರ ಇರುತ್ತದೆ ಎಂದು ಕೈಯಲ್ಲಿ ಎತ್ತಿ ನೋಡಿ. ಕಾಯಿ ಬಿದ್ದರಂತೂ ಮುಗಿಯಿತು. ನಮ್ಮ ತೋಟದಲ್ಲಿ ಬೈಕು ನಿಲ್ಲಿಸುವುದಕ್ಕೂ ಮೇಲೆ ನೋಡಿ ಜಾಗ ಹುಡುಕುತ್ತೇವೆ.

ಇನ್ನು ನಾಲೆ. ಅದಕ್ಕೆ ಮೆಟ್ಟಿಲು ಇರುವುದಿಲ್ಲ, ಬದಿ ಜಾರುತ್ತದೆ, ನೀರು ಯಾವಾಗ ಬಿಡುತ್ತಾರೆಂದು ತೋಟದವರಿಗೂ ಎಲ್ಲ ಸಲ ತಿಳಿದಿರುವುದಿಲ್ಲ. ಡೇರೆ ಕಟ್ಟುವಾಗ ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಹಗ್ಗ ಇರುತ್ತದೆ. ಮಗುವಿನ ಮೇಲೆ ಯಾರ ಕಣ್ಣೂ ಇಲ್ಲದ ಹೊತ್ತು ಅದೇ.

ಚಾಮುಂಡಿಪುರದವಳು
ತೆಂಗಿನ ಗರಿಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ಯಜಮಾನರಿಗೆ ಓದಿ ಹೇಳಿದೆ. ಜಾಗ ಬದಲಿಸುತ್ತೇವೆ. ಹಾಗಾದರೆ ಕಾಡಿನ ಕಡೆ ಹೋಗಬಹುದೇ?

ಹೊಳೆಮತ್ತಿ
ಹೋಗಬಹುದು, ಆದರೆ ಕಂಡ ಕಂಡಲ್ಲಿ ಡೇರೆ ಹಾಕುವಂತಿಲ್ಲ. ಕಾಯ್ದಿಟ್ಟ ಅರಣ್ಯಕ್ಕೂ ಅಭಯಾರಣ್ಯಕ್ಕೂ ಅನುಮತಿ ಇಲ್ಲದೆ ನುಗ್ಗಿದರೆ ಅಪರಾಧ. ನಿಮಗೆ ಒಳ್ಳೆಯದೆಂದರೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಶಿಬಿರಗಳು: ಭೀಮೇಶ್ವರಿ, ಗಾಲಿಬೋರೆ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ. ಡೇರೆಯೇ, ಆದರೆ ಒಳಗೆ ಮಂಚ, ಹಿಂದೆ ಸ್ನಾನದ ಮನೆ. ಗಾಲಿಬೋರೆಯಲ್ಲಿ ಹೊಳೆದಂಡೆಯ ಮತ್ತಿ ಮರಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು ಕಾಣುತ್ತದೆ. ಬಾಲವೇ ಮೈಯಷ್ಟು ಉದ್ದ. ನನ್ನ ಮಗಳು ಅದನ್ನು ನೋಡುತ್ತಾ ಊಟ ಮಾಡಿದ್ದೇ ಗೊತ್ತಾಗಲಿಲ್ಲ. ಕಾವೇರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ, ಮೊಸಳೆಯೂ ಇದೆ. ಮುತ್ತತ್ತಿಯಲ್ಲಿ ಎಷ್ಟು ಜನ ಮುಳುಗಿ ಹೋದರು!

ದೇವನೂರು ದಾರಿ
ಮಂಚ, ಸ್ನಾನದ ಮನೆ ಇದ್ದರೆ ಅದು ಡೇರೆವಾಸ ಹೇಗಾಗುತ್ತದೆ? ನೆಲದ ಮೇಲೆ ಮಲಗಬೇಕು, ನೀರು ಹೊತ್ತು ತರಬೇಕು. ಮಗುವಿಗೆ ಕಲಿಸಬೇಕಾದದ್ದು ಅದು.

ಹೊಳೆಮತ್ತಿ
ಮೂರು ವರ್ಷದವಳು ನೀರು ಹೊತ್ತು ಏನು ಕಲಿಯಬೇಕು? ಗೋಡೆಯಿಲ್ಲದ ಕಡೆ ಮಲಗಿ, ರಾತ್ರಿಯ ಸದ್ದು ಕೇಳಿ, ಬೆಳಿಗ್ಗೆ ನಗುತ್ತಾ ಎದ್ದರೆ ಸಾಕು.

ಸವದತ್ತಿ ಚಕ್ಕಡಿ
ನಮ್ಮ ಕಡೆ ಇದಕ್ಕೆ ಇಷ್ಟು ಚರ್ಚೆಯೇ ಇರಲಿಲ್ಲ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಎರಡು ರಾತ್ರಿ ದಾರಿ, ಎರಡು ರಾತ್ರಿ ಗುಡ್ಡದಲ್ಲಿ. ನನ್ನ ತಮ್ಮ ಆಗ ಎಂಟು ತಿಂಗಳ ಕೂಸು. ಚಕ್ಕಡಿಯ ತಳಕ್ಕೆ ಅವ್ವನ ಸೀರೆಯಿಂದ ತೊಟ್ಟಿಲು ಕಟ್ಟುತ್ತಿದ್ದರು. ಕೆಳಗೆ ಹುಲ್ಲು ಹರವಿ, ಮೇಲೆ ಕೌದಿ ಹಾಸಿ ನಾವು ಮಲಗುತ್ತಿದ್ದೆವು. ನಾಲ್ಕು ಕಡೆಗೆ ಕಂಬಳಿ ಇಳಿಬಿಟ್ಟರೆ ಅದೇ ಮನೆ. ಎತ್ತುಗಳು ಮೆಲುಕು ಹಾಕುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಬೆಳಗಿನ ಜಾವ ಮೂರು ಕಲ್ಲಿನ ಒಲೆ ಹೊತ್ತಿಸಿ ಅವ್ವ ಹೋಳಿಗೆ ಮಾಡುತ್ತಿದ್ದಳು, ದೇವಿಯ ಎಡೆಗೆ ಪರಡಿ ಎನ್ನುವ ಬುಟ್ಟಿ ತುಂಬಿಸಬೇಕಲ್ಲ. ಸುತ್ತ ಸಾವಿರಾರು ಚಕ್ಕಡಿ, ಎಲ್ಲ ಕಡೆಯಿಂದ "ಉಧೋ ಉಧೋ". ಅತ್ತೆಯವರಿಗೆ ಇದನ್ನು ಕೇಳಿಸಿ. ಅವರೂ ಸಣ್ಣವರಿದ್ದಾಗ ಯಾವುದೋ ಜಾತ್ರೆಯಲ್ಲಿ ಹೀಗೆ ಮಲಗಿರುತ್ತಾರೆ.

ಕೌದಿ
ಓದಿ ಕಣ್ಣು ತುಂಬಿತು ಅಕ್ಕ.

ಮುಧೋಳದವ
ನಮ್ಮ ಅಜ್ಜ ಕುರಿ ಕಾಯುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು. ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು, ಅಲ್ಲೇ ಬಿಡಾರ. ಕೂಸು, ಮರಿ, ಕೋಳಿ ಎಲ್ಲ ಕುದುರೆಯ ಬೆನ್ನ ಮೇಲೆ. ನಮ್ಮ ಅಪ್ಪ ನಡೆಯಲು ಕಲಿತದ್ದೇ ಯಾವುದೋ ಹೊಲದಲ್ಲಂತೆ, ಯಾವ ಊರು ಎಂದು ಅಜ್ಜಿಗೂ ನೆನಪಿರಲಿಲ್ಲ. ಮೇಲೆ "ಡೇರೆವಾಸ" ಎಂದು ಬರೆದಿದ್ದಾರೆ. ಬಿಡಾರ ಎನ್ನುವ ಒಳ್ಳೆಯ ಮಾತು ಇರುವಾಗ ಅದೇಕೆ?

ದೇವನೂರು ದಾರಿ
ಬಿಡಾರ ಎಂದರೆ ತಂಗುವ ಜಾಗ, ಬಾಡಿಗೆ ಮನೆಗೂ ಬಿಡಾರ ಎನ್ನುತ್ತಾರೆ. ಬಟ್ಟೆಯದಕ್ಕೆ ಡೇರೆ ಅಥವಾ ಗುಡಾರವೇ ಸರಿ.

ಮುಧೋಳದವ
"ಬಿಡಾರ ಬಿಟ್ಟರು" ಎಂದರೆ ಡೇರೆ ಹಾಕಿದರು ಎಂದೇ ನಮ್ಮಲ್ಲಿ ಅರ್ಥ. ಇರಲಿ. ಅಕ್ಕ, ನೀವು ಏನನ್ನು ಮರೆತರೂ ಕಂಬಳಿ ಮರೆಯಬೇಡಿ. ಹೊದೆಯುವುದಕ್ಕಲ್ಲ, ಕೆಳಗೆ ಹಾಸುವುದಕ್ಕೆ. ಚಳಿ ಗಾಳಿಯಿಂದ ಬರುವುದಕ್ಕಿಂತ ನೆಲದಿಂದ ಬರುವುದು ಹೆಚ್ಚು. ನೆಲಕ್ಕೆ ತಾಡಪಾಲು, ಡೇರೆಯೊಳಗೆ ಕಂಬಳಿ, ಅದರ ಮೇಲೆ ಮಗುವಿನ ಹಾಸಿಗೆ.

ಮಕ್ಕಳ ಡಾಕ್ಟರು, ದಾವಣಗೆರೆ
ಕಂಬಳಿಯ ಮಾತು ಸರಿ. ನಾನು ಮೂರು ವಿಷಯ ಒತ್ತಿ ಹೇಳುತ್ತೇನೆ.

ಡೇರೆಯೊಳಗೆ ಬೆಂಕಿ ಬೇಡವೇ ಬೇಡ. ಕೆಂಡದ ಅಗ್ಗಿಷ್ಟಿಕೆ, ಗ್ಯಾಸ್ ಒಲೆ, ಯಾವುದೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. "ಸ್ವಲ್ಪ ಬೆಚ್ಚಗಾಗಲಿ, ಆಮೇಲೆ ಹೊರಗಿಡೋಣ" ಎಂದವರೇ ಹೋಗಿದ್ದಾರೆ. ಚಳಿಗೆ ಕುಲಾವಿ, ಕಾಲುಚೀಲ, ಒಂದರ ಮೇಲೊಂದು ತೆಳು ಬಟ್ಟೆ. ಮಲಗುವ ಮುನ್ನ ಹಗಲಿನ ಬೆವರಿನ ಬಟ್ಟೆಯನ್ನು ಪೂರ್ತಿ ಬದಲಿಸಿ.

ಸೊಳ್ಳೆಗೆ ಮಕ್ಕಳಿಗೆ ಒಗ್ಗುವ ಮುಲಾಮನ್ನು ನೀವೇ ಹಚ್ಚಿ. ಮಗುವಿನ ಅಂಗೈಗೆ, ಕಣ್ಣು ಬಾಯಿಗಳ ಸುತ್ತ ಬೇಡ, ಕೈ ಬಾಯಿಗೆ ಹೋಗುತ್ತದೆ. ನಿಂಬೆ ವಾಸನೆಯ ನೀಲಗಿರಿ ಎಣ್ಣೆಯನ್ನು ಸಹಜವಾದದ್ದು ಎಂದು ಕೆಲವರು ಹಚ್ಚುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು.

ಹೊರಡುವ ಮೊದಲೇ ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ, ಹಾವಿನ ವಿಷಕ್ಕೆ ಔಷಧಿ ಅಲ್ಲಿದೆಯೇ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ಜ್ವರದ ಔಷಧಿಯನ್ನು ನಿಮ್ಮ ವೈದ್ಯರು ತೂಕ ನೋಡಿ ಹೇಳಿದಷ್ಟೇ ಕೊಡಿ. ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೆ ಕಲಸಬೇಕು. ಅರ್ಧ ಪೊಟ್ಟಣವನ್ನು ಲೋಟಕ್ಕೆ ಹಾಕುವವರು ಇದ್ದಾರೆ, ಅದು ಅಪಾಯ.

ನಂಜನಗೂಡು ರಸಬಾಳೆ
ಹಾವಿಗೆ ಡೇರೆಯ ಸುತ್ತ ಬೆಳ್ಳುಳ್ಳಿ ನೀರು ಚಿಮುಕಿಸಿ. ಕಂಬಳಿ ಹಗ್ಗ ಸುತ್ತಿದರೂ ದಾಟುವುದಿಲ್ಲ ಎನ್ನುತ್ತಾರೆ.

ಕಟ್ಟುಹಾವು
ಎನ್ನುತ್ತಾರೆ, ಆದರೆ ಹಾವಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಹೊರಗೆ ಮಲಗುವವರು ತಿಳಿಯಬೇಕಾದದ್ದು ತೀರಾ ವಿಷದ ಕಟ್ಟುಹಾವಿನ ಸಂಗತಿ. ಅದು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನೋವು, ಊತ ಅಷ್ಟಾಗಿ ಇರುವುದಿಲ್ಲ. ಜಿಪ್ ಪೂರ್ತಿ ಎಳೆದ ಡೇರೆ ಇದಕ್ಕೆ ಒಳ್ಳೆಯ ರಕ್ಷಣೆ. ಆ "ಪೂರ್ತಿ" ಎನ್ನುವುದೇ ಮುಖ್ಯ. ಮಕ್ಕಳು ಒಳಗೆ ಹೊರಗೆ ಓಡಾಡಿ ನಾಲ್ಕು ಬೆರಳು ಸಂದು ಬಿಟ್ಟಿರುತ್ತಾರೆ. ಮಲಗುವ ಮುನ್ನ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ, ಹಾಸಿಗೆ ಕೊಡವಿ. ಚಪ್ಪಲಿಯನ್ನು ಒಳಗಿಡಿ, ಬೆಳಿಗ್ಗೆ ಹಾಕುವ ಮುನ್ನ ಕೊಡವಿ, ಚೇಳು ಕುಳಿತಿರಬಹುದು. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು, ನಾಟಿ ಔಷಧಿ ಯಾವುದೂ ಬೇಡ. ಕೈಕಾಲು ಅಲುಗದಂತೆ ಎತ್ತಿಕೊಂಡು ನೇರ ಆಸ್ಪತ್ರೆಗೆ, 108.

ತೀರ್ಥಹಳ್ಳಿಯವಳು
ಮುಂದೆ ಎಂದಾದರೂ ನಮ್ಮ ಮಲೆನಾಡಿಗೆ ಬರುವ ಮನಸ್ಸಿದ್ದರೆ ಒಂದು ಮಾತು. ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದರೆ ರಕ್ತ ಸೋರುತ್ತದೆ ಅಷ್ಟೇ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಒಣ ಕಾಲದ ಉಣುಗಿಗೆ. ಅದು ಕಚ್ಚಿದರೆ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಪ್ರವಾಸಿಗರು ಬರುವುದೂ ಅದೇ ಕಾಲ. ತರಗೆಲೆಯ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಜೀವ ಹೋದಂತಾಗುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಸಂಜೆ ಮಗುವಿನ ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ತಲೆಗೂದಲು ನೋಡಿ. ಉಣುಗಿನ ಮರಿ ಎಳ್ಳಿಗಿಂತ ಚಿಕ್ಕದಿರುತ್ತದೆ. ಹೋಗಿ ಬಂದ ಒಂದು ವಾರದಲ್ಲಿ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲು ಹೇಳಿ.

ಫ್ರೀಮಾಂಟ್ ಕನ್ನಡತಿ
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮಗನನ್ನು ಎರಡು ವರ್ಷಕ್ಕೆ ಯೊಸೆಮಿಟಿಗೆ ಕರೆದೊಯ್ದಿದ್ದೆವು. ಅಲ್ಲಿ ಕರಡಿಯ ಕಾಟ. ಊಟದ ಸಾಮಾನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು, ಮಗುವಿನ ಟೂತ್‌ಪೇಸ್ಟ್, ಸೋಪು ಕೂಡ. ಮಗ ರಾತ್ರಿ ಚಕ್ಕುಲಿ ಹಿಡಿದುಕೊಂಡೇ ಮಲಗುವವನು, ಅದನ್ನು ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕಾಯಿತು. ನಿಮ್ಮಲ್ಲಿ ಕರಡಿ ಇಲ್ಲದಿದ್ದರೂ ಇರುವೆ, ಇಲಿ, ನಾಯಿ ಇವೆ. ಡೇರೆಯೊಳಗೆ ತಿಂಡಿ ಬೇಡ.

ಬೆಣ್ಣೆದೋಸೆ
ತಿಂಡಿ ಎಂದ ಕೂಡಲೇ ನೆನಪಾಯಿತು. ಅಲ್ಲಿ ಹೋಗಿ ಅಡುಗೆ ಮಾಡುವ ಉತ್ಸಾಹ ಮೊದಲ ಸಲ ಬೇಡ. ಸೌದೆ ಹೊತ್ತುವುದರೊಳಗೆ ಮಗು ಹಸಿದು ಅತ್ತು ಮಲಗಿರುತ್ತದೆ. ರಾತ್ರಿಗೆ ಮನೆಯಿಂದಲೇ ಚಪಾತಿ, ಮೊಸರನ್ನ. ಬೆಳಿಗ್ಗೆಗೆ ರಾಗಿ ಹುರಿಹಿಟ್ಟು, ಬೆಲ್ಲ, ಬಿಸಿ ಹಾಲು. ಉಂಡೆ ಕಟ್ಟಿ ಕೊಟ್ಟರೆ ಮಕ್ಕಳು ಕೈಯಲ್ಲಿ ಹಿಡಿದು ತಿನ್ನುತ್ತಾರೆ.

ಚಿಕ್ಕಮ್ಮ
ಮೊಸರನ್ನ ಚಳಿಯಲ್ಲಿ ಬೇಡಪ್ಪ.

ಬೆಣ್ಣೆದೋಸೆ
ದಿನವೂ ತಿನ್ನುವ ಮಗುವಿಗೆ ಒಂದು ರಾತ್ರಿಗೆ ಏನೂ ಆಗುವುದಿಲ್ಲ ಚಿಕ್ಕಮ್ಮ. ಹೊಸ ಜಾಗದಲ್ಲಿ ಹಳೆಯ ರುಚಿ ಇದ್ದರೆ ಮಗು ನೆಮ್ಮದಿಯಾಗಿರುತ್ತದೆ.

ಹೆಸರು ಬೇಡ
ನಮ್ಮ ಅನುಭವ ಕೆಟ್ಟದ್ದು. ಹಿನ್ನೀರಿನ ಪಕ್ಕದ ಒಂದು ಖಾಸಗಿ ಜಾಗಕ್ಕೆ ನಾಲ್ಕು ವರ್ಷದ ಮಗನೊಂದಿಗೆ ಹೋಗಿದ್ದೆವು. ಫೋಟೋದಲ್ಲಿ ಮಕ್ಕಳು, ಬಲೂನು ಎಲ್ಲ ಇತ್ತು. ರಾತ್ರಿ ಎರಡು ಗಂಟೆಯವರೆಗೆ ಧ್ವನಿವರ್ಧಕದ ಹಾಡು, ಪಕ್ಕದ ಡೇರೆಯಲ್ಲಿ ಕುಡಿತ, ಐವತ್ತು ಜನಕ್ಕೆ ಎರಡು ಶೌಚಾಲಯ. ಮಗ ಕಿವಿ ಮುಚ್ಚಿಕೊಂಡು ನನ್ನ ಹೊಟ್ಟೆಗೆ ಮುಖ ಒತ್ತಿ ಮಲಗಿದ್ದ. ಈಗಲೂ ಆ ದೃಶ್ಯ ಮರೆಯಲಾಗುತ್ತಿಲ್ಲ. ದುಡ್ಡು ಕಟ್ಟುವ ಮುನ್ನ ಹಾಡು ಎಷ್ಟು ಗಂಟೆಗೆ ನಿಲ್ಲುತ್ತದೆ, ಶೌಚಾಲಯ ಎಷ್ಟು ಹೆಜ್ಜೆ ದೂರ, ರಾತ್ರಿ ಕಾವಲಿಗೆ ಯಾರಿರುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಹೋಗಬೇಡಿ.

ಚಾರಣಪ್ರಿಯ
ಶೌಚದ ವಿಷಯಕ್ಕೆ ಬಂದರೆ, ಮಗು ಮನೆಯಲ್ಲಿ ಕೂರುವ ಪಾಟಿಯನ್ನೇ ಒಯ್ಯಿರಿ. ಡೇರೆಯ ಬಾಗಿಲ ಮುಂದೆ ಹೊರಹೊದಿಕೆಯ ಕೆಳಗಿನ ಜಾಗದಲ್ಲಿ ಇಟ್ಟರೆ ರಾತ್ರಿ ಹೊರಗೆ ಹೋಗಬೇಕಿಲ್ಲ. ಒಂದು ರಾತ್ರಿಗೆ ಡೈಪರ್ ಹಾಕಿದರೂ ತಪ್ಪಿಲ್ಲ.

ಅಜ್ಜಿಮನೆ
ಬೆಂಕಿ ಕಾಯಿಸುವ ಯೋಚನೆ ಇದ್ದರೆ ಕೇಳಿ. ನಮ್ಮ ಅಮ್ಮ ಬೆಂಕಿಯ ಸುತ್ತ ನಾಲ್ಕು ಹೆಜ್ಜೆ ದೂರದಲ್ಲಿ ರಂಗೋಲಿ ಪುಡಿಯಿಂದ ದೊಡ್ಡ ಗೆರೆ ಎಳೆದು, ಮೊಮ್ಮಕ್ಕಳ ಕೈಯಲ್ಲೇ ಅದರ ಮೇಲೆ ಚುಕ್ಕಿ ಇಡಿಸಿದರು. ತಾವೇ ಇಟ್ಟ ಚುಕ್ಕಿಯನ್ನು ಮಕ್ಕಳು ತುಳಿಯಲಿಲ್ಲ. ಆದರೆ ಸುಟ್ಟುಕೊಂಡದ್ದು ಮರುದಿನ ಬೆಳಿಗ್ಗೆ! ರಾತ್ರಿ ಮಣ್ಣು ಮುಚ್ಚಿ ಮಲಗಿದ್ದೆವು. ಬೂದಿಯ ಕೆಳಗೆ ಕೆಂಡ ಹಾಗೆಯೇ ಇತ್ತು, ತಂಗಿಯ ಮಗ ಬರಿಗಾಲಲ್ಲಿ ಹೆಜ್ಜೆ ಇಟ್ಟ. ಮಣ್ಣು ಬಿಸಿಯನ್ನು ಹಿಡಿದಿಡುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿದು, ಕೈಯಿಟ್ಟರೆ ತಣ್ಣಗಿರಬೇಕು.

ಕೌದಿ
ಹೋಗುವ ಮೊದಲು ಮನೆಯ ಹಜಾರದಲ್ಲಿ ಒಂದು ವಾರ ಡೇರೆ ಹಾಕಿಡಿ. ಅಲ್ಲೇ ಆಟ, ಅಲ್ಲೇ ಮಧ್ಯಾಹ್ನದ ನಿದ್ದೆ. ಹೊಸ ಬಟ್ಟೆಯ ವಾಸನೆಯೂ ಹೋಗುತ್ತದೆ. ಹೊರಗೆ ಹೋದಾಗ ಅದು ಅವಳಿಗೆ ಗೊತ್ತಿರುವ ಕೋಣೆ.

ಚಾಮುಂಡಿಪುರದವಳು
ಹಜಾರದಲ್ಲಿ ಹಾಕಿದೆವು! ಎರಡೇ ದಿನಕ್ಕೆ ಅವಳ ಗೊಂಬೆಗಳೆಲ್ಲ ಅಲ್ಲಿಗೆ ಬಿಡಾರ ಬದಲಿಸಿವೆ. ಜಾಗವೂ ನಿಶ್ಚಯವಾಯಿತು. ಮೇಲುಕೋಟೆ ಕಡೆ ನನ್ನ ಚಿಕ್ಕಪ್ಪನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಸುತ್ತ ಕಾಂಪೌಂಡು, ಮೇಲೆ ಯಾವ ಮರವೂ ಇಲ್ಲ. ಹೋಗಿ ಬಂದು ಬರೆಯುತ್ತೇನೆ.

ದೇವನೂರು ದಾರಿ
ಚಿಕ್ಕಪ್ಪನ ಅಂಗಳವಾದರೂ ಜಗುಲಿಗೆ ಓಡಿಹೋಗಬೇಡಿ, ರಾತ್ರಿ ಪೂರ್ತಿ ಡೇರೆಯಲ್ಲೇ ಕಳೆಯಿರಿ. ಡಿಸೆಂಬರಿನ ಸಂಜೆ ಪೂರ್ವದಲ್ಲಿ ಮಹಾವ್ಯಾಧ ಏಳುತ್ತದೆ, ಮೂರು ನಕ್ಷತ್ರ ಸಾಲಾಗಿ. ಅದರ ಮೇಲೆ ಗೊಂಚಲಿನಂತೆ ಕೃತ್ತಿಕೆ. ಮಗುವಿಗೆ ತೋರಿಸಿ.

ಚಾಮುಂಡಿಪುರದವಳು
ಹೋಗಿ ಬಂದೆವು. ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯದು.

ಸವದತ್ತಿ ಅಕ್ಕನ ಮಾತನ್ನು ಅತ್ತೆಯವರಿಗೆ ಓದಿ ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮುಡುಕುತೊರೆ ಜಾತ್ರೆಗೆ ಗಾಡಿಯಲ್ಲಿ ಹೋಗುತ್ತಿದ್ದೆವು" ಎಂದರು. ಮರುದಿನ ತಮ್ಮ ಚೀಲವನ್ನೂ ಕಟ್ಟಿಕೊಂಡರು. ಡೇರೆಯೊಳಗೆ ಬರಲೊಪ್ಪದೆ ಪಕ್ಕದಲ್ಲೇ ಹಗ್ಗದ ಮಂಚ ಹಾಕಿಸಿಕೊಂಡು ಮಲಗಿದರು.

ಮಗಳು ಎಂಟೂವರೆಗೆ ಮಲಗಿದಳು. ಒಂದು ಗಂಟೆಗೆ ಚೀರುವ ಸದ್ದಾಗಿ ಬೆಚ್ಚಿ ಎದ್ದಳು. ನಾನೂ ಬೆಚ್ಚಿದೆ, ಎಂದೂ ಕೇಳಿರದ ಸದ್ದು. ಮನೆಗೆ ಹೋಗೋಣ ಎಂದು ಬಾಯಿ ತೆರೆಯುವುದರೊಳಗೆ ಹೊರಗಿನಿಂದ ಅತ್ತೆಯವರು, "ಪುಟ್ಟಿ, ಅದು ಹಾಲಕ್ಕಿ. ಬುಡುಬುಡಿಕೆಯವನು ಬೆಳಗಿನ ಜಾವ ಬಂದು ಅದರ ಮಾತನ್ನೇ ನಮಗೆ ಹೇಳುವುದು" ಎಂದರು. ಮಗಳು ಅಳು ನಿಲ್ಲಿಸಿ, "ಈಗ ಏನು ಹೇಳಿತು" ಎಂದಳು. "ಪುಟ್ಟಿ ಮಲಗಲಿ ಎಂದಿತು." ಹಕ್ಕಿ ಇನ್ನೊಂದು ಸಲ ಕೂಗಿತು. ಅಜ್ಜಿ ಮೊಮ್ಮಗಳು ಬಟ್ಟೆಯ ಗೋಡೆಯ ಆಚೆ ಈಚೆ ಇದ್ದುಕೊಂಡೇ ಕಾಲು ಗಂಟೆ ಮಾತನಾಡಿದರು. ಮೂರರ ಹೊತ್ತಿಗೆ ಮಂಜು ಬಿದ್ದು ಅತ್ತೆಯವರ ಹೊದಿಕೆ ಒದ್ದೆಯಾಯಿತು, ಜಿಪ್ ಎಳೆದು ಒಳಗೆ ಬಂದರು. ನಾಲ್ಕು ಜನರ ಡೇರೆ ಸರಿಹೋಯಿತು.

ಒಂದೇ ತೊಂದರೆ, ಬೆಳಿಗ್ಗೆ ಡೇರೆಯ ಒಳಮೈಯೆಲ್ಲ ನೀರು. ಮಳೆ ಬಂದಿರಲಿಲ್ಲ. ಡೇರೆ ಕೆಟ್ಟದ್ದಿರಬಹುದೇ?

ಚಾರಣಪ್ರಿಯ
ಡೇರೆ ಸರಿಯಾಗಿದೆ. ನಾಲ್ಕು ಜನರ ಉಸಿರು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿದೆ. ಮೇಲಿನ ಜಾಲರಿ ಕಿಂಡಿಯನ್ನು ಚಳಿಯೆಂದು ಮುಚ್ಚಿದ್ದಿರಾ?

ಚಾಮುಂಡಿಪುರದವಳು
ಹೌದು, ಅತ್ತೆಯವರು ಒಳಗೆ ಬಂದ ಮೇಲೆ ಮುಚ್ಚಿಸಿದರು.

ಚಾರಣಪ್ರಿಯ
ಮುಂದಿನ ಸಲ ತೆರೆದಿಡಿ. ಈಗ ಬಿಸಿಲಿನಲ್ಲಿ ಹರವಿ ಪೂರ್ತಿ ಒಣಗಿಸಿಯೇ ಮಡಚಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಸವದತ್ತಿ ಚಕ್ಕಡಿ
ಮುಡುಕುತೊರೆ ಜಾತ್ರೆಯ ಗಾಡಿಯ ಕಥೆಯನ್ನು ಅತ್ತೆಯವರಿಂದ ಕೇಳಿ ಇಲ್ಲಿ ಬರೆಯಿರಿ. ಕಾಯುತ್ತಿರುತ್ತೇನೆ.